ಹಿಮ ಬಿದ್ದ ಮೇಲೂ ಚಾರ್ಜರ್ ಕೈಗೆ ಸಿಗಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮಿನ್ನೆಸೋಟ, ಮಿಷಿಗನ್, ಇಲಿನಾಯ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರಿದ್ದಾರೆ. ವಸತಿ ಸಂಘದ ಪದಾಧಿಕಾರಿಗಳು, ದೇವಸ್ಥಾನದ ಆಡಳಿತ ಮಂಡಳಿಯವರು, ಕಚೇರಿ ಕಟ್ಟಡ ನೋಡಿಕೊಳ್ಳುವವರೂ ಇದ್ದಾರೆ. ಚಾರ್ಜರ್ ಬಳಸುವವರಿಗೂ ಅದನ್ನು ತಮ್ಮ ಜಾಗದಲ್ಲಿ ನಡೆಸುವವರಿಗೂ ಸೇರಿಸಿ ಈ ಪುಟ ಬರೆದಿದ್ದೇನೆ. ಚಳಿಯಲ್ಲಿ ಬ್ಯಾಟರಿ ಹೇಗೆ ವರ್ತಿಸುತ್ತದೆ ಎಂಬುದರ ಬಗ್ಗೆ ಬೇಕಾದಷ್ಟು ಬರಹಗಳಿವೆ. ಕಾರಿನ ಬಾಗಿಲಿನಿಂದ ಚಾರ್ಜರ್‌ವರೆಗಿನ ನಾಲ್ಕು ಹೆಜ್ಜೆ ಜಾಗದ ಬಗ್ಗೆ ಬರೆದವರು ಕಡಿಮೆ. ಚಳಿಗಾಲದಲ್ಲಿ ಜನ ಸಿಕ್ಕಿಬೀಳುವುದು ಅಲ್ಲಿಯೇ.

ಆ್ಯಪ್‌ನಲ್ಲಿ ಚಾರ್ಜರ್ ಖಾಲಿ ಇದೆ ಎಂದು ಹಸಿರು ತೋರಿಸುತ್ತದೆ. ಹೋಗಿ ನೋಡಿದರೆ ಮುಂದೆ ಹಿಮದ ಗುಡ್ಡೆ. ಹೀಗೇಕೆ?

ಆ್ಯಪ್‌ಗೆ ಗೊತ್ತಿರುವುದು ಯಂತ್ರ ಹೇಳಿದಷ್ಟು ಮಾತ್ರ. ವಿದ್ಯುತ್ ಇದೆಯೇ, ನೆಟ್‌ವರ್ಕ್ ಸಿಗುತ್ತಿದೆಯೇ, ಕೇಬಲ್ ಯಾವ ಕಾರಿಗೂ ಸಿಕ್ಕಿಸದೆ ಬಿಡುವಾಗಿದೆಯೇ ಎಂಬ ಮೂರು ವಿಷಯ ಸರಿಯಿದ್ದರೆ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತದೆ. ಯಂತ್ರದ ಮುಂದೆ ಸೊಂಟದೆತ್ತರ ಹಿಮ ಬಿದ್ದಿದ್ದರೆ ಅದನ್ನು ನೋಡುವ ಕಣ್ಣು ಯಂತ್ರಕ್ಕಿಲ್ಲ.

ಸರ್ಕಾರಿ ಲೆಕ್ಕದಲ್ಲೂ ಇದೇ ಕೊರತೆ. ಹೆದ್ದಾರಿ ಬದಿ ಫೆಡರಲ್ ಹಣದಲ್ಲಿ ಕಟ್ಟುವ ಕೇಂದ್ರಗಳಿಗೆ 2023ರಲ್ಲಿ ಬಂದ ನಿಯಮದ ಪ್ರಕಾರ ಪ್ರತಿ ಪೋರ್ಟ್, ಅಂದರೆ ಒಂದು ಕಾರಿಗೆ ವಿದ್ಯುತ್ ಕೊಡುವ ಯಂತ್ರದ ಭಾಗ, ವರ್ಷದಲ್ಲಿ ಸರಾಸರಿ ಶೇ 97ಕ್ಕಿಂತ ಹೆಚ್ಚು ಸಮಯ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ಒಳ್ಳೆಯ ನಿಯಮವೇ. ಆದರೆ ಅದು ಅಳೆಯುವುದು ಯಂತ್ರಾಂಶ, ತಂತ್ರಾಂಶ, ವಿದ್ಯುತ್ ಹರಿವು ಇಷ್ಟನ್ನೇ. ಜನವರಿಯಲ್ಲಿ ಎರಡು ವಾರ ಯಾರೂ ಹತ್ತಿರ ಸುಳಿಯಲಾಗದಂತೆ ಹೂತುಹೋದ ಚಾರ್ಜರ್ ಈ ಲೆಕ್ಕದಲ್ಲಿ ಪೂರ್ತಿ ಆರೋಗ್ಯವಾಗಿದೆ ಎಂದೇ ದಾಖಲಾಗಬಹುದು. ಹಾಗಾಗಿ ಚಾರ್ಜರ್ ನಡೆಸುವವರು ಕಂಪ್ಯೂಟರ್ ಪರದೆಯನ್ನು ನಂಬಿ ಕೂರಬಾರದು. ಹಿಮಪಾತ ನಿಂತ ಮೇಲೆ ಯಾರಾದರೊಬ್ಬರು ಹೋಗಿ ಕಣ್ಣಾರೆ ನೋಡಲೇಬೇಕು.

ಹಾಗಾದರೆ ಹಿಮ ತೆಗೆಯುವ ಹೊಣೆ ಯಾರದು?

ಬಹುತೇಕ ಕಡೆ ಜಾಗ ಯಾರದೋ ಅವರದು. ಆದರೆ ನಿಜವಾಗಿ ನಡೆಯುವುದೇ ಬೇರೆ. ಯಂತ್ರವನ್ನು ಚಾರ್ಜಿಂಗ್ ಕಂಪನಿ ನೋಡಿಕೊಳ್ಳುತ್ತದೆ. ಪಾರ್ಕಿಂಗ್ ಜಾಗ ಅಂಗಡಿಯವರದೋ ವಸತಿ ಸಂಘದ್ದೋ ಆಗಿರುತ್ತದೆ. ಹಿಮ ತೆಗೆಯಲು ಬರುವ ಗುತ್ತಿಗೆದಾರ ಮೂರನೆಯವನು. ಅವನು ತನ್ನ ಕರಾರಿನಲ್ಲಿ ಬರೆದಷ್ಟನ್ನು ಮಾಡಿ ಮುಂದಿನ ಜಾಗಕ್ಕೆ ಹೋಗುತ್ತಾನೆ, ಅದರಲ್ಲಿ ತಪ್ಪೇನಿಲ್ಲ. ಆ ಕರಾರು ಚಾರ್ಜರ್ ಬರುವುದಕ್ಕಿಂತ ಮುಂಚೆ ಬರೆದದ್ದು, ವರ್ಷ ವರ್ಷ ದಿನಾಂಕ ತಿದ್ದಿ ಸಹಿ ಹಾಕಿದ್ದು. ಅದರಲ್ಲಿ ವಾಹನ ಓಡಾಡುವ ದಾರಿ, ಕಾಲುದಾರಿ, ಮುಂಬಾಗಿಲು ಎಂದೆಲ್ಲ ಇರುತ್ತದೆ. ಚಾರ್ಜರ್ ಎಂಬ ಪದ ಮಾತ್ರ ಇರುವುದಿಲ್ಲ.

ಮೊದಲು ಮಾಡಬೇಕಾದ ಕೆಲಸ ಆ ಕರಾರು ತೆಗೆದು ಓದುವುದು. ಕಡೇಪಕ್ಷ ಈ ನಾಲ್ಕು ಮಾತು ಅದರಲ್ಲಿ ಸೇರಲಿ. ಒಂದು, ಚಾರ್ಜಿಂಗ್ ಜಾಗಗಳನ್ನೂ ಅವುಗಳ ಪಕ್ಕದ ಪಟ್ಟೆ ಬಳಿದ ಓಡಾಟದ ಜಾಗವನ್ನೂ ಮುಂಬಾಗಿಲಿನಷ್ಟೇ ಮೊದಲ ಸುತ್ತಿನಲ್ಲಿ ತೆಗೆಯಬೇಕು. ಎರಡು, ಅಲ್ಲಿ ಹಿಮ ಗುಡ್ಡೆ ಹಾಕುವಂತಿಲ್ಲ. ಮೂರು, ಯಂತ್ರದ ಸುತ್ತ ಹಿಮ ತಳ್ಳುವ ಪ್ಲೌ ಟ್ರಕ್ ತಲುಪದ ಜಾಗವನ್ನು ಕೈಯಿಂದ ಸಲಿಕೆ ಹಾಕಿ ತೆಗೆಯಬೇಕು. ನಾಲ್ಕನೆಯದೇ ಮುಖ್ಯ: ಎಷ್ಟು ಹಿಮ ಬಿದ್ದರೆ ಬರಬೇಕು ಎಂಬುದು. ಸಾಮಾನ್ಯ ಕರಾರುಗಳಲ್ಲಿ 2 ಇಂಚು ಬಿದ್ದ ಮೇಲೆ ಪ್ಲೌ ಬರುತ್ತದೆ. ಕಾರು ಓಡಾಡಲು ಅದು ಸಾಕು. ಊರುಗೋಲು ಹಿಡಿದವರಿಗೆ, ವಾಕರ್ ತಳ್ಳುವವರಿಗೆ, ಗಾಲಿಕುರ್ಚಿಯವರಿಗೆ 2 ಇಂಚು ಹಿಮವೆಂದರೆ ದಾರಿ ಮುಚ್ಚಿದಂತೆಯೇ. ಚಾರ್ಜರ್ ಸುತ್ತಲಿನ ಜಾಗಕ್ಕೆ ಆ 2 ಇಂಚಿನ ವಿನಾಯಿತಿ ಬೇಡ.

ಗಾಲಿಕುರ್ಚಿ ಬಳಸುವವರಿಗೆ ಎಷ್ಟು ಜಾಗ ಬೇಕು?

ಅಂಗವಿಕಲರಿಗೆ ಬೇಕಾದ ಸೌಕರ್ಯಗಳ ಅಳತೆ ರೂಪಿಸುವ ಅಮೆರಿಕದ ಫೆಡರಲ್ ಸಂಸ್ಥೆ ಆ್ಯಕ್ಸೆಸ್ ಬೋರ್ಡ್ 2022ರಲ್ಲಿ ಈ ಬಗ್ಗೆ ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ ಕಾರು ನಿಲ್ಲುವ ಜಾಗ ಕನಿಷ್ಠ 11 ಅಡಿ ಅಗಲ, 20 ಅಡಿ ಉದ್ದ ಇರಬೇಕು. ಅದರ ಪಕ್ಕದಲ್ಲಿ ಕನಿಷ್ಠ 5 ಅಡಿ ಅಗಲದ ಓಡಾಟದ ಜಾಗ ಬೇಕು. ಯಂತ್ರದ ಮುಂದೆ 30 ಇಂಚು ಅಗಲ, 48 ಇಂಚು ಉದ್ದದ ಸಮತಟ್ಟು ನೆಲ ಬೇಕು. ಪರದೆ, ಗುಂಡಿ, ಕಾರ್ಡ್ ತೋರಿಸುವ ಜಾಗ, ಕೇಬಲ್‌ನ ಹಿಡಿಕೆ ಎಲ್ಲವೂ ನೆಲದಿಂದ 15 ಇಂಚಿಗಿಂತ ಕೆಳಗೂ 48 ಇಂಚಿಗಿಂತ ಮೇಲೂ ಇರಬಾರದು. ಬಳಸಲು 5 ಪೌಂಡ್‌ಗಿಂತ ಹೆಚ್ಚು ಬಲ ಬೇಕಾಗಬಾರದು, ಬಿಗಿಯಾಗಿ ಹಿಡಿದು ತಿರುಚುವಂತಿರಬಾರದು.

ಈ ಅಳತೆಗಳೆಲ್ಲ ಒಣ ನೆಲದ ಮೇಲೆ ಸರಿಯಾಗಿ ಕಾಣುತ್ತವೆ. ಯಂತ್ರದ ಬುಡಕ್ಕೆ ಒಂದೂವರೆ ಅಡಿ ದಪ್ಪದ ಹಿಮದ ದಿಂಡು ಬಂದು ನಿಂತಿತೆನ್ನಿ. 48 ಇಂಚಿನ ಎತ್ತರ ಹಾಗೆಯೇ ಇದೆ, ಆದರೆ ಕೈ ಮಾತ್ರ ಎಟುಕುವುದಿಲ್ಲ. ನಿಂತು ಬಳಸುವವರು ಒಂದು ಕಾಲನ್ನು ಹಿಮದಲ್ಲಿ ಊರಿ ಬಾಗಿ ಹಿಡಿಕೆ ಎಳೆದುಕೊಳ್ಳುತ್ತಾರೆ. ಕೂತವರಿಗೆ ಆ ಉಪಾಯವಿಲ್ಲ.

ಗಾಲಿಕುರ್ಚಿಯನ್ನು ಹತ್ತಿರದಿಂದ ನೋಡಿ. ಹಿಂದಿನ ದೊಡ್ಡ ಚಕ್ರಗಳು ತೆಳು ಹಿಮದ ಮೇಲೆ ಹೇಗೋ ಉರುಳುತ್ತವೆ. ಮುಂದಿನ ಪುಟ್ಟ ಗಾಲಿಗಳು ಹಿಮಕ್ಕೆ ಸಿಕ್ಕೊಡನೆ ಅಡ್ಡ ತಿರುಗಿ ನಿಂತುಬಿಡುತ್ತವೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಚಕ್ರ ತಳ್ಳಿ ತಳ್ಳಿ ಕೈಗವಸು ಒದ್ದೆಯಾಗಿರುತ್ತದೆ. ಆ ಒದ್ದೆ ಕೈಯಲ್ಲೇ ಮೈನಸ್ 15 ಡಿಗ್ರಿಯಲ್ಲಿ ಹಿಡಿಕೆ ಹಿಡಿಯಬೇಕು. ಪಕ್ಕದ ಬಾಗಿಲಿನಿಂದ ಇಳಿಜಾರು ಹಲಗೆ ಬಿಚ್ಚುವ ವ್ಯಾನ್‌ಗಳಿಗಂತೂ ಆ 5 ಅಡಿ ಜಾಗ ಪೂರ್ತಿ ಬರಿದಾಗಿರಲೇಬೇಕು. ಹಲಗೆಯ ತುದಿ ಹಿಮದ ಗುಡ್ಡೆಯ ಮೇಲೆ ಕೂತರೆ ಇಳಿಯುವ ಪ್ರಶ್ನೆಯೇ ಬರುವುದಿಲ್ಲ.

ನೆಲಕ್ಕೆ ಬಳಿದ ಪಟ್ಟೆ ಹಿಮ ಬಿದ್ದ ಮೊದಲ ಗಂಟೆಯಲ್ಲೇ ಕಾಣೆಯಾಗುತ್ತದೆ. ಆಮೇಲೆ ಅದು ಖಾಲಿ ಜಾಗದಂತೆ ಕಾಣುತ್ತದೆ. ಒಬ್ಬರು ಕಾರು ನಿಲ್ಲಿಸುತ್ತಾರೆ, ಇಲ್ಲವೇ ಪ್ಲೌ ಅಲ್ಲಿಗೇ ಹಿಮ ತಂದು ಸುರಿಯುತ್ತದೆ. ನೆಲದ ಬಣ್ಣವೊಂದನ್ನೇ ನೆಚ್ಚಿಕೊಳ್ಳದೆ ಓಡಾಟದ ಜಾಗದ ತಲೆಗೆ ಒಂದು ಕಂಬ ನೆಟ್ಟು ಫಲಕ ಹಾಕಿಸಿ. ಹೆಚ್ಚು ಖರ್ಚಿಲ್ಲದ, ತಕ್ಷಣ ಗುಣ ಕಾಣುವ ಕೆಲಸವಿದು.

ಕಾನೂನು ಏನು ಹೇಳುತ್ತದೆ?

1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯ, ಇಲ್ಲಿನವರು ಎಡಿಎ ಎಂದು ಕರೆಯುವ ಕಾಯ್ದೆಯ, ನಿಯಮಗಳಲ್ಲಿ ಒಂದು ಮುಖ್ಯ ಮಾತಿದೆ. ಅಂಗವಿಕಲರಿಗೆಂದು ಒದಗಿಸಿದ ಸೌಕರ್ಯವನ್ನು ಕಟ್ಟಿ ಬಿಟ್ಟರೆ ಸಾಲದು, ಬಳಸುವ ಸ್ಥಿತಿಯಲ್ಲಿ ಇಟ್ಟುಕೊಂಡಿರಬೇಕು. ದುರಸ್ತಿ, ನಿರ್ವಹಣೆಗಾಗಿ ಆಗೊಮ್ಮೆ ಈಗೊಮ್ಮೆ ಅಲ್ಪಕಾಲ ಅಡಚಣೆಯಾದರೆ ಅದು ತಪ್ಪಲ್ಲ. ಹಿಮಪಾತ ನಡೆಯುತ್ತಿರುವಾಗ ಜಾಗ ಮುಚ್ಚಿದರೆ ಯಾರೂ ದೂರುವುದಿಲ್ಲ. ಅಂಗಡಿಯ ಉಳಿದೆಲ್ಲ ಪಾರ್ಕಿಂಗ್ ಸ್ವಚ್ಛವಾಗಿ, ಗಾಲಿಕುರ್ಚಿಯ ಜಾಗ ಮಾತ್ರ ವಾರಗಟ್ಟಲೆ ಹಿಮದ ಉಗ್ರಾಣವಾಗಿದ್ದರೆ ಅದು ಬೇರೆ ಮಾತು.

ಮೇಲೆ ಹೇಳಿದ ಆ್ಯಕ್ಸೆಸ್ ಬೋರ್ಡ್ ಮಾರ್ಗದರ್ಶಿ ಶಿಫಾರಸು ಮಾತ್ರ, ಅದೇ ಕಾನೂನಲ್ಲ. ಬ್ರಿಟನ್‌ನಲ್ಲೂ 2022ರಲ್ಲಿ ಚಾರ್ಜರ್ ಅಂಗವಿಕಲರ ಕೈಗೂ ಎಟುಕುವಂತಿರಲೆಂದು ಪಿಎಎಸ್ 1899 ಎಂಬ ಮಾನದಂಡ ಬಂತು, ಅದೂ ಸ್ವಇಚ್ಛೆಯಿಂದ ಪಾಲಿಸುವಂಥದ್ದು. ಊರಿನ ನಿಯಮಗಳು ಹೆಚ್ಚಾಗಿ ಕಾಲುದಾರಿಗೆ ಸಂಬಂಧಿಸಿದವು. ಮಿನಿಯಾಪೊಲಿಸ್‌ನಲ್ಲಿ ಮನೆಯವರು ಹಿಮ ನಿಂತ 24 ಗಂಟೆಯೊಳಗೆ ತಮ್ಮ ಮುಂದಿನ ಕಾಲುದಾರಿಯನ್ನು ತೆರವು ಮಾಡಬೇಕು. ಆ ಗಡುವು ಪಾರ್ಕಿಂಗ್ ಮೂಲೆಯ ಚಾರ್ಜರ್‌ಗೆ ತಾನಾಗಿ ಅನ್ವಯಿಸುವುದಿಲ್ಲ. ಕರಾರಿನಲ್ಲೇ ಗಡುವು ಬರೆಯಬೇಕು ಎಂದು ಒತ್ತಿ ಹೇಳುವುದು ಇದಕ್ಕೇ.

ಚಾರ್ಜರ್ ಇರುವ ಮೂಲೆಗೇ ಯಾಕೆ ಎಲ್ಲರೂ ಹಿಮ ತಳ್ಳುತ್ತಾರೆ?

ಪ್ಲೌ ಓಡಿಸುವವನಿಗೆ ಹಿಮ ತಳ್ಳಲು ಪಾರ್ಕಿಂಗ್‌ನ ಅಂಚು, ಮೂಲೆ ಬೇಕು. ಚಾರ್ಜರ್ ಹಾಕುವವರಿಗೂ ಅದೇ ಅಂಚು ಬೇಕು, ಏಕೆಂದರೆ ಟ್ರಾನ್ಸ್‌ಫಾರ್ಮರ್ ಅಲ್ಲಿರುತ್ತದೆ, ನೆಲ ಅಗೆದು ಕೇಬಲ್ ಎಳೆಯುವ ಖರ್ಚು ಉಳಿಯುತ್ತದೆ. ಇಬ್ಬರೂ ಒಂದೇ ಮೂಲೆಯನ್ನು ಆರಿಸಿಕೊಂಡಿರುತ್ತಾರೆ, ಒಬ್ಬರನ್ನೊಬ್ಬರು ಕೇಳಿರುವುದಿಲ್ಲ.

ಹಿಮ ಎಲ್ಲಿ ಪೇರಿಸಬೇಕು ಎಂಬುದನ್ನು ಪಾರ್ಕಿಂಗ್ ನಕ್ಷೆಯ ಮೇಲೆ ಗುರುತು ಮಾಡಿ ಗುತ್ತಿಗೆದಾರನ ಕೈಗೆ ಕೊಡಿ. ಗುರುತು ಮಾಡುವಾಗ ನೆಲದ ಇಳಿಜಾರು ನೋಡುವುದನ್ನು ಮರೆಯಬೇಡಿ. ಚಾರ್ಜರ್‌ಗಿಂತ ಎತ್ತರದ ಜಾಗದಲ್ಲಿ ಪೇರಿಸಿದ ಹಿಮ ಮಧ್ಯಾಹ್ನದ ಬಿಸಿಲಿಗೆ ಕರಗಿ ಚಾರ್ಜಿಂಗ್ ಜಾಗದ ಮೇಲೆ ತೆಳುವಾಗಿ ಹರಿಯುತ್ತದೆ. ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕಚೇರಿ ಬಿಟ್ಟು ಜನ ಚಾರ್ಜ್ ಮಾಡಲು ಬರುವ ಹೊತ್ತಿಗೆ ಆ ನೀರು ಕತ್ತಲಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆಯಾಗಿರುತ್ತದೆ. ಹಿಮಪಾತವಾಗಿ ಐದು ದಿನದ ಮೇಲೆ, ಆಕಾಶ ತಿಳಿಯಾಗಿದ್ದಾಗ ಜನ ಜಾರಿ ಬೀಳುವುದು ಹೀಗೆ. ಗುಡ್ಡೆ ಯಾವಾಗಲೂ ಇಳಿಜಾರಿನ ಕೆಳಭಾಗದಲ್ಲಿ, ನೀರು ಮೋರಿಗೆ ಹೋಗುವ ಕಡೆ ಇರಲಿ.

ಉಪ್ಪು ಎಷ್ಟು ಹಾಕಬೇಕು?

ಕಡಿಮೆ. ಮೊದಲು ಸಲಿಕೆ, ಆಮೇಲೆ ಉಪ್ಪು. ಸಾಮಾನ್ಯ ಉಪ್ಪು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಕೆಳಗಿಳಿದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಜನವರಿಯ ಎಷ್ಟೋ ಮುಂಜಾನೆಗಳು ಅದಕ್ಕಿಂತ ತಣ್ಣಗಿರುತ್ತವೆ. ಕರಗಲಿಲ್ಲವೆಂದು ಇನ್ನಷ್ಟು ಸುರಿದರೆ ಉಪ್ಪು ಸುಮ್ಮನೆ ಬಿದ್ದಿರುತ್ತದೆ ಅಷ್ಟೆ. ಕ್ಯಾಲ್ಸಿಯಂ ಕ್ಲೋರೈಡ್ ಸುಮಾರು ಮೈನಸ್ 29 ಡಿಗ್ರಿಯವರೆಗೂ ಕೆಲಸ ಮಾಡುತ್ತದೆ, ಬೆಲೆ ಹೆಚ್ಚು. ತೀರಾ ಚಳಿಯಿದ್ದಾಗ ಮರಳು ಹಾಕುವುದೇ ಜಾಣತನ. ಅದು ಕರಗಿಸುವುದಿಲ್ಲ, ಆದರೆ ಕಾಲಿಗೆ ಹಿಡಿತ ಕೊಡುತ್ತದೆ.

ಒಂದು ಟೀ ಚಮಚ ಉಪ್ಪು 5 ಗ್ಯಾಲನ್ ನೀರನ್ನು ಕೆಡಿಸಲು ಸಾಕು ಎಂದು ಮಿನ್ನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುತ್ತದೆ. ಕೆರೆಗಳಿಗೆ ಹೆಸರಾದ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ. ಯಂತ್ರದ ಲೋಹಕ್ಕೂ ಕಾಂಕ್ರೀಟ್ ಬುಡಕ್ಕೂ ಉಪ್ಪು ಒಳ್ಳೆಯದಲ್ಲ. ಟ್ರಕ್ಕಿನ ಹಿಂಬದಿಯ ಎರಚು ಯಂತ್ರದಿಂದ ಚಾರ್ಜರ್ ಮೈಮೇಲೆ ಬೀಳುವಂತೆ ಹಾಕದೆ, ಅದರ ಸುತ್ತ ಕೈಯಲ್ಲಿ ಹಿಡಿದು ಚೆಲ್ಲಬೇಕು.

ಕೇಬಲ್ ಮರದ ಕೊರಡಿನಂತೆ ಬಿರುಸಾಗುತ್ತದೆ, ಪ್ಲಗ್ ಹೆಪ್ಪುಗಟ್ಟಿ ಬಿಡಿಸಲು ಬರುವುದಿಲ್ಲ. ಏನು ಮಾಡುವುದು?

ಚಳಿಗೆ ಕೇಬಲ್‌ನ ಹೊರಕವಚ ಗಟ್ಟಿಯಾಗುವುದು ಸಹಜ. ವೇಗದ ಚಾರ್ಜರ್‌ಗಳ ಕೇಬಲ್ ಮೊದಲೇ ಭಾರ. ಸಂಧಿವಾತದ ಕೈಗಳಿಗೆ, ಒಂದೇ ಕೈ ಬಳಸಬಲ್ಲವರಿಗೆ ಇದು ನಿಜವಾದ ತಡೆ. ಕಾರನ್ನು ಆದಷ್ಟು ಹತ್ತಿರ, ಕಾರಿನಲ್ಲಿ ಪ್ಲಗ್ ಸಿಕ್ಕಿಸುವ ಪೋರ್ಟ್ ಇರುವ ಬದಿ ಯಂತ್ರದ ಕಡೆಗೆ ಬರುವಂತೆ ನಿಲ್ಲಿಸಿದರೆ ಎಳೆಯುವ ಶ್ರಮ ಕಡಿಮೆ. ಹೊಸದಾಗಿ ಚಾರ್ಜರ್ ಕೊಳ್ಳುವ ಸಂಘಗಳು ಕೇಬಲ್ ಅನ್ನು ಮೇಲಿನಿಂದ ತೂಗುಹಾಕಿ ಹಿಂದಕ್ಕೆ ಎಳೆದುಕೊಳ್ಳುವ ವ್ಯವಸ್ಥೆ ಇರುವುದನ್ನೇ ಆರಿಸಬೇಕು. ಭಾರ ಕೈಗೆ ಬೀಳುವುದಿಲ್ಲ, ಕೇಬಲ್ ನೆಲದಲ್ಲಿ ಬಿದ್ದು ಹಿಮದಡಿ ಮುಚ್ಚಿಹೋಗುವುದಿಲ್ಲ, ಪ್ಲೌ ಅದನ್ನು ಕಿತ್ತುಕೊಂಡು ಹೋಗುವ ಭಯವೂ ಇಲ್ಲ.

ಪ್ಲಗ್ ಹೆಪ್ಪುಗಟ್ಟಿದರೆ ಬಲ ಹಾಕಿ ಎಳೆಯಬೇಡಿ. ಕಾರನ್ನು ಮತ್ತೊಮ್ಮೆ ಅನ್‌ಲಾಕ್ ಮಾಡಿ, ಒಳಗೆ ಹೀಟರ್ ಹಾಕಿ ಸ್ವಲ್ಪ ಹೊತ್ತು ಕಾಯಿರಿ. ಕೆಲವು ಕಾರುಗಳಲ್ಲಿ ಪೋರ್ಟ್‌ಗೇ ಹೀಟರ್ ಇರುತ್ತದೆ. ಬಿಸಿನೀರು ಸುರಿಯಲೇಬಾರದು. ಒಂದು ಗಳಿಗೆ ಕರಗಿದಂತಾಗಿ ಆಮೇಲೆ ಒಳಗಿನ ಸಂದಿಗಳಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಲೋಹದ ಚೂರಿ, ಸ್ಕ್ರೂಡ್ರೈವರ್ ಕೂಡ ಹತ್ತಿರ ತರಬೇಡಿ.

ಕೆಲಸ ಮುಗಿದ ಮೇಲೆ ಪ್ಲಗ್ ಅನ್ನು ಅದರ ಗೂಡಿನಲ್ಲೇ ಇಡಿ. ಆತುರದಲ್ಲಿ ನೆಲಕ್ಕೆ ಬಿಟ್ಟು ಹೋದ ಪ್ಲಗ್‌ನ ಪಿನ್‌ಗಳ ಸುತ್ತ ಹಿಮ ತುಂಬುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ನಿಮ್ಮ ನಂತರ ಬರುವವರಿಗೆ ಆ ಚಾರ್ಜರ್ ಇದ್ದೂ ಇಲ್ಲ.

ಪರದೆ ಕೈಗವಸಿಗೆ ಸ್ಪಂದಿಸುವುದಿಲ್ಲ. ಫೋನ್ ಚಳಿಗೆ ಆರಿಹೋಗುತ್ತದೆ.

ಫೋನ್ ಒಳಜೇಬಿನಲ್ಲಿ ಬೆಚ್ಚಗಿರಲಿ. ಆ್ಯಪ್ ಒಂದನ್ನೇ ನಂಬಿ ಹೊರಡಬೇಡಿ. ಚಾರ್ಜಿಂಗ್ ಕಂಪನಿಯ ತಟ್ಟುವ ಕಾರ್ಡ್ ಅಥವಾ ಬ್ಯಾಂಕ್ ಕಾರ್ಡ್ ಕೈಯಲ್ಲಿರಲಿ. ಕೇಂದ್ರ ನಡೆಸುವವರು ಪರದೆಯ ಮೇಲಿನ ಹಿಮ ಒರೆಸುವುದನ್ನೂ ಸಹಾಯವಾಣಿ ಸಂಖ್ಯೆಯ ಚೀಟಿ ಓದುವಂತಿದೆಯೇ ಎಂದು ನೋಡುವುದನ್ನೂ ಹಿಮ ತೆಗೆಯುವ ಕೆಲಸದ ಭಾಗವಾಗಿಯೇ ಮಾಡಬೇಕು. ದೀಪವೂ ಬೇಕು. ಚಳಿಗಾಲದಲ್ಲಿ ಬಹಳಷ್ಟು ಜನ ಚಾರ್ಜ್ ಮಾಡುವುದು ಕತ್ತಲಲ್ಲಿಯೇ.

ಚಾರ್ಜ್ ಆಗಲು ಬೇಸಿಗೆಗಿಂತ ಹೆಚ್ಚು ಹೊತ್ತು ಹಿಡಿಯುವುದೇಕೆ?

ಲಿಥಿಯಂ ಅಯಾನ್ ಬ್ಯಾಟರಿ ತಣ್ಣಗಿದ್ದಾಗ ವೇಗವಾಗಿ ತುಂಬಿದರೆ ಲಿಥಿಯಂ ಲೋಹವಾಗಿ ಒಳಗೆ ಕಟ್ಟಿಕೊಂಡು ಬ್ಯಾಟರಿ ಕೆಡುತ್ತದೆ. ಅದಕ್ಕೇ ಕಾರು ತಾನಾಗಿ ವೇಗ ತಗ್ಗಿಸುತ್ತದೆ. ಹೊರಡುವಾಗಲೇ ಕಾರಿನ ನಕ್ಷೆಯಲ್ಲಿ ಚಾರ್ಜರ್ ಅನ್ನು ಗುರಿಯಾಗಿ ಹಾಕಿದರೆ ಅನೇಕ ಕಾರುಗಳು ದಾರಿಯುದ್ದಕ್ಕೂ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತವೆ. 20 ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಹೀಟರ್ ಹಾಕಿ ಓಡಿಸಿದರೆ ಕಾರು ಕ್ರಮಿಸುವ ದೂರ ಸರಾಸರಿ ಶೇ 41ರಷ್ಟು ಕಡಿಮೆಯಾಗುತ್ತದೆ ಎಂದು ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಪರೀಕ್ಷಿಸಿ ಹೇಳಿತ್ತು. ಆಮೇಲೆ ಕಡಿಮೆ ವಿದ್ಯುತ್ತಿನಲ್ಲಿ ಕಾರಿನೊಳಗೆ ಬಿಸಿ ಮಾಡುವ ಹೀಟ್ ಪಂಪ್ ಇರುವ ಕಾರುಗಳು ಹೆಚ್ಚಾಗಿವೆ, ಆದರೂ ಅಂತರ ಇದ್ದೇ ಇದೆ.

2024ರ ಜನವರಿಯಲ್ಲಿ ಚಿಕಾಗೊ ಸುತ್ತಮುತ್ತ ಚಾರ್ಜರ್‌ಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಂತು, ಕೆಲವು ಅಲ್ಲೇ ಬ್ಯಾಟರಿ ಬರಿದಾಗಿ ಕೂತವು. ಎಲೆಕ್ಟ್ರಿಕ್ ಕಾರು ಚಳಿಗೆ ಆಗಿಬರುವುದಿಲ್ಲ ಎಂದು ಆಗ ಬಹಳ ಜನ ತೀರ್ಪು ಕೊಟ್ಟರು. ಅದೇ 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಶೇ 89 ಪೂರ್ತಿ ಎಲೆಕ್ಟ್ರಿಕ್. ಅಲ್ಲಿ ಚಳಿ ಕಡಿಮೆಯೇನಲ್ಲ. ಒಬ್ಬೊಬ್ಬರೂ ಹೆಚ್ಚು ಹೊತ್ತು ನಿಲ್ಲುವ ಕಾಲದಲ್ಲಿ ಎಂಟರಲ್ಲಿ ಎರಡು ಚಾರ್ಜರ್ ಹಿಮದಡಿ ಮುಚ್ಚಿದ್ದರೆ ಸಾಲು ಎಷ್ಟು ಬೆಳೆಯುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಹಿಮ ತೆಗೆಯುವುದು ಸಾಲು ಕರಗಿಸುವ ಕೆಲಸವೂ ಹೌದು.

ರಾತ್ರಿಯಿಡೀ ಕಾರನ್ನು ಚಾರ್ಜಿಂಗ್‌ಗೆ ಹಾಕಿ ಬಿಟ್ಟರೆ ತಪ್ಪೇ?

ಹಿಮಪಾತದ ರಾತ್ರಿ ಹಾಗೆ ಮಾಡಬೇಡಿ. ಕಾರು ನಿಂತ ಜಾಗವನ್ನು ಪ್ಲೌ ಬಿಟ್ಟು ಸುತ್ತಿಕೊಂಡು ಹೋಗುತ್ತದೆ. ಬೆಳಗ್ಗೆ ಕಾರು ತೆಗೆದಾಗ ಎರಡೂ ಬದಿ ಹಿಮದ ದಿಂಡು ಉಳಿಯುತ್ತದೆ, ಬಂದುಹೋಗುವ ಚಕ್ರಗಳು ಅದನ್ನು ತುಳಿದು ಮಂಜುಗಡ್ಡೆ ಮಾಡುತ್ತವೆ. ವಸತಿ ಸಂಘಗಳು ಇಂಥ ರಾತ್ರಿಗಳಲ್ಲಿ ಯಾವ ಹೊತ್ತಿನಲ್ಲಿ ಚಾರ್ಜಿಂಗ್ ಜಾಗ ಖಾಲಿ ಬಿಡಬೇಕೆಂದು ಮುಂಚಿತವಾಗಿ ಸಂದೇಶ ಕಳಿಸುವುದು ಒಳ್ಳೆಯದು.

ರಸ್ತೆ ಬದಿಯ ಚಾರ್ಜರ್‌ಗಳ ಕಥೆ ಏನು?

ಮಿನಿಯಾಪೊಲಿಸ್, ಸೇಂಟ್ ಪಾಲ್‌ನಲ್ಲಿ ಇವಿ ಸ್ಪಾಟ್ ಎಂಬ ಹೆಸರಿನ ರಸ್ತೆ ಬದಿಯ ಚಾರ್ಜರ್‌ಗಳು 2022ರಿಂದ ಇವೆ. ಮಿನಿಯಾಪೊಲಿಸ್‌ನಲ್ಲಿ ಹಿಮ ತುರ್ತುಸ್ಥಿತಿ ಘೋಷಣೆಯಾದರೆ ಮೂರು ದಿನ, ದಿನಕ್ಕೊಂದು ನಿಯಮದಂತೆ, ಯಾವ ರಸ್ತೆಯ ಯಾವ ಬದಿಯಲ್ಲಿ ಕಾರು ನಿಲ್ಲಿಸಬಾರದು ಎಂಬುದು ಬದಲಾಗುತ್ತದೆ. ಚಾರ್ಜ್ ಆಗುತ್ತಿದೆ ಎಂಬ ಭರವಸೆಯಲ್ಲಿ ಬಿಟ್ಟು ಹೋಗದೆ ಅಲ್ಲಿನ ಫಲಕವನ್ನೂ ಆ ದಿನದ ಸೂಚನೆಯನ್ನೂ ಓದಿಕೊಳ್ಳಿ. ರಸ್ತೆಯ ಪ್ಲೌ ಹಾದುಹೋದ ಮೇಲೆ ಅಂಚಿನುದ್ದಕ್ಕೂ ಹಿಮದ ಗೋಡೆ ನಿಲ್ಲುತ್ತದೆ. ಚಾರ್ಜರ್ ಇರುವ ಕಡೆ ಅದನ್ನು ಒಡೆದು ಕಾಲುದಾರಿಗೆ ಹಾದಿ ಮಾಡದಿದ್ದರೆ ರಸ್ತೆ ತೆರವಾಗಿದ್ದೂ ಪ್ರಯೋಜನವಿಲ್ಲ.

ಮೇಲೆ ಚಾವಣಿ, ನೆಲದಡಿ ಬಿಸಿನೀರಿನ ಕೊಳವೆ ಹಾಕಿಸಿದರೆ?

ಹಣವಿದ್ದರೆ ಹಾಕಿಸಿ. ಮಿಷಿಗನ್‌ನ ಹಾಲೆಂಡ್ ಊರಿನಲ್ಲಿ 1988ರಿಂದ ಪೇಟೆ ಬೀದಿಗಳ ಅಡಿ ಕೊಳವೆಗಳಲ್ಲಿ ವಿದ್ಯುತ್ ಸ್ಥಾವರದ ಬಿಸಿ ಬಳಸಿ ಕಾಯಿಸಿದ ನೀರು ಹರಿಯುತ್ತದೆ, ಕಾಲುದಾರಿಯ ಮೇಲೆ ಹಿಮ ನಿಲ್ಲುವುದೇ ಇಲ್ಲ. ಆದರೆ ಅಲ್ಲಿ ಸ್ಥಾವರ ಪಕ್ಕದಲ್ಲೇ ಇತ್ತು. ಸಾಮಾನ್ಯ ಪಾರ್ಕಿಂಗ್‌ಗೆ ಒಂದು ಚಾವಣಿಯೇ ದೊಡ್ಡ ಸಹಾಯ. ಅದರ ಕಂಬಗಳು ಓಡಾಟದ ಜಾಗದಲ್ಲಿ ಬರದಂತೆ, ಚಾವಣಿಯಿಂದ ಜಾರುವ ಹಿಮ ಯಂತ್ರದ ಮುಂದೆಯೇ ಬೀಳದಂತೆ ನೋಡಿಕೊಳ್ಳಬೇಕು.

ಹೋದಾಗ ಜಾಗ ಮುಚ್ಚಿದ್ದರೆ ಯಾರಿಗೆ ಹೇಳುವುದು?

ಮೊದಲು ಫೋಟೊ ತೆಗೆಯಿರಿ, ಯಂತ್ರದ ಮೇಲಿನ ಗುರುತಿನ ಸಂಖ್ಯೆ ಕಾಣುವಂತೆ. ಚಾರ್ಜಿಂಗ್ ಕಂಪನಿಯ ಆ್ಯಪ್‌ನಲ್ಲಿ ದೂರು ಹಾಕಿ, ಅದೇ ಫೋಟೊವನ್ನು ಜಾಗದ ಮಾಲೀಕರಿಗೂ ಕಳಿಸಿ. ಕಂಪನಿಗೆ ಮಾತ್ರ ಹೇಳಿದರೆ ಯಂತ್ರ ಸರಿಯಿದೆ ಎಂದು ದೂರು ಮುಚ್ಚಿಬಿಡುವ ಸಾಧ್ಯತೆ ಹೆಚ್ಚು. ನಗರದ ಜಾಗವಾದರೆ ನಗರಾಡಳಿತದ ಸಹಾಯವಾಣಿ 311ಕ್ಕೆ ಕರೆ ಮಾಡಿ. ಅಂಗವಿಕಲರ ಜಾಗ ಪದೇ ಪದೇ ಮುಚ್ಚುತ್ತಿದ್ದು ಹೇಳಿದರೂ ಕೇಳದಿದ್ದರೆ ನ್ಯಾಯ ಇಲಾಖೆಗೆ ಎಡಿಎ ದೂರು ಕೊಡಬಹುದು. ಆಗ ದಿನಾಂಕವಿರುವ ಫೋಟೊಗಳೇ ನಿಮ್ಮ ಆಧಾರ.

ಕಾರಿನಲ್ಲಿ ಒಂದು ಚಿಕ್ಕ ಸಲಿಕೆ, ಪ್ಲಾಸ್ಟಿಕ್ ಬ್ರಷ್, ಒಂದು ಚೀಲ ಮರಳು ಇಟ್ಟುಕೊಂಡಿರಿ. ನಿಮ್ಮ ಕೈಲಾದರೆ ಪಕ್ಕದ ಓಡಾಟದ ಜಾಗವನ್ನೂ ಎರಡು ಸಲಿಕೆ ಎಳೆದು ಹೋಗಿ. ಬಾಣಂತನಕ್ಕೆಂದು ಊರಿನಿಂದ ಬಂದು ಚಳಿಗಾಲವಿಡೀ ಉಳಿದ ಅಮ್ಮ ಅಪ್ಪನನ್ನು ಕಾರಿನಲ್ಲಿ ಕರೆದೊಯ್ಯುವಾಗಂತೂ ಅವರನ್ನು ಇಳಿಸುವ ಮುನ್ನ ನೀವೇ ಇಳಿದು ನೆಲ ನೋಡಿ. ಮಂಜುಗಡ್ಡೆಯ ಮೇಲೆ ನಡೆದು ಗೊತ್ತಿಲ್ಲದ ಕಾಲುಗಳವು.

ಈ ತಯಾರಿ ಯಾವಾಗ ಶುರು ಮಾಡಬೇಕು?

ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಗುತ್ತಿಗೆದಾರರು ಚಳಿಗಾಲದ ಕರಾರುಗಳನ್ನು ಆಗಲೇ ಒಪ್ಪಿಕೊಳ್ಳುವುದು, ನವೆಂಬರ್‌ನಲ್ಲಿ ಹೊಸ ಷರತ್ತು ಹೇಳಿದರೆ ಕೇಳುವವರಿರುವುದಿಲ್ಲ. ಅಕ್ಟೋಬರ್‌ನಲ್ಲಿ ಅವರ ಜೊತೆ ಪಾರ್ಕಿಂಗ್ ಸುತ್ತಿ ಚಾರ್ಜರ್‌ಗಳನ್ನು, ಚಕ್ರ ತಡೆಯುವ ಕಾಂಕ್ರೀಟ್ ದಿಮ್ಮಿಗಳನ್ನು, ರಕ್ಷಣಾ ಕಂಬಗಳನ್ನು ತೋರಿಸಿ. ಹಿಮದ ಮೇಲೆ ತಲೆ ಕಾಣುವಷ್ಟು ಎತ್ತರದ, ಬೆಳಕಿಗೆ ಹೊಳೆಯುವ ಗುರುತು ಕಡ್ಡಿಗಳನ್ನು ಅವುಗಳ ಪಕ್ಕ ನೆಡಿಸಿ. ನೆಲ ಹೆಪ್ಪುಗಟ್ಟಿದ ಮೇಲೆ ಕಡ್ಡಿ ಒಳಗಿಳಿಯುವುದಿಲ್ಲ.